ಬೇರಿನ ಕಾವಲು

ಪೇಟೆಯಿಂದ ತಂದ ಶೇಂಗಾವನ್ನು ಹುರಿದು ಚಟ್ನಿಪುಡಿ ಕುಟ್ಟುವಾಗ, ಆ ಕಾಯಿ ಬಿಟ್ಟ ಗಿಡದ ಬೇರು ಹೇಗಿದ್ದೀತೆಂದು ನೀವು ಯೋಚಿಸಿರಲಾರಿರಿ. ಆದರೆ ಮಳೆಗಾಲದ ಕೊನೆಯಲ್ಲಿ ಚಳ್ಳಕೆರೆಯ ಕಡೆಗೆ ಹೋಗುವ ಸಂದರ್ಭ ಬಂದರೆ, ನಾಯಕನಹಟ್ಟಿಗೆ ಸಮೀಪದ ಕುದಾಪುರದಲ್ಲಿ ಬಸ್ಸಿನಿಂದ ಇಳಿದು, ಹೊಲದವರ ಅಪ್ಪಣೆ ಪಡೆದು, ಒಂದು ಗಿಡವನ್ನು ಬೇರುಸಹಿತ ಕಿತ್ತು ನೋಡಿ. ಕಾಯಿಗಳನ್ನು ಬಿಡಿ, ಅವು ನಿಮಗೆ ಗೊತ್ತು. ಬೇರಿನ ಉದ್ದಕ್ಕೂ ಸಾಸಿವೆ ಕಾಳಿನಷ್ಟು ದಪ್ಪದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣ. ಅದು ರೋಗವಲ್ಲ, ಅಲ್ಲಿ ಬ್ಯಾಕ್ಟೀರಿಯಗಳು ಒಕ್ಕಲಾಗಿವೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವುದು, ಪ್ರತಿಯಾಗಿ ಗಿಡದಿಂದ ಸಕ್ಕರೆಯನ್ನು ಪಡೆಯುವುದು ಅವುಗಳ ಕಸುಬು. ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ ಎಂಬುದು ನಾಯಕನಹಟ್ಟಿ ತಿಪ್ಪೇಸ್ವಾಮಿಯವರ ಮಾತಲ್ಲವೆ? ಬೇರಿನಲ್ಲಿ ನಡೆಯುವ ವ್ಯವಹಾರವೂ ಹೆಚ್ಚುಕಡಿಮೆ ಅದೇ.

ಈಚಿನ ವರ್ಷಗಳಲ್ಲಿ ಕುದಾಪುರದ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ಬೇರೆ ಕಾರಣಕ್ಕೆ. ಹಿಂದೆ ಅಮೃತಮಹಲ್ ದನಗಳಿಗೆಂದು ಮೀಸಲಿದ್ದ ಕಾವಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1500 ಎಕರೆಯಲ್ಲಿ ತನ್ನ ಎರಡನೆಯ ನೆಲೆಯನ್ನು ಮಾಡಿಕೊಂಡಿದೆ. ಕಾವಲಿನ ಭೂಮಿಯ ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋದುದನ್ನೂ ನೀವು ಓದಿರಬಹುದು. ಆ ಕಥೆಯನ್ನು ಇನ್ನೊಮ್ಮೆ ಹೇಳಬಹುದು. ಇಂದು ನಾನು ಹೇಳಹೊರಟಿರುವುದು ಇನ್ನೊಂದು ಕಾವಲಿನ ಮಾತು. ಅದು ಬೇರಿನ ಸುತ್ತ ಇರತಕ್ಕ ಕಾವಲು.

ಚಳ್ಳಕೆರೆ ನಮ್ಮ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದು. ಅಲ್ಲಿಯ ಎಣ್ಣೆ ಗಿರಣಿಗಳಿಂದಾಗಿ ಊರಿಗೆ ಎಣ್ಣೆ ನಗರವೆಂಬ ಹೆಸರೇ ಬಂತು. ಆ ಗಿರಣಿಗಳು ಆಡಬೇಕಾದರೆ ಶೇಂಗಾ ಬೆಳೆಯಬೇಕು. ಶೇಂಗಾದ ಬಿತ್ತನೆ ಬೀಜ ಅಗ್ಗವಲ್ಲ. ಸಾಲ ಮಾಡಿ ಬಿತ್ತುವವರೇ ಬಹಳ. ಮಳೆ ಕೈಕೊಟ್ಟರೆ ಅದು ದೈವ. ಮಳೆ ಬಂದೂ ಗಿಡ ಸತ್ತರೆ ಏನೆನ್ನಬೇಕು?

ಅಂಥದೊಂದು ವರ್ಷ 2000. ಚಳ್ಳಕೆರೆ, ಮೊಳಕಾಲ್ಮೂರುಗಳ ಗಡಿಗೆ ಹೊಂದಿಕೊಂಡೇ ಇರುವ ಅನಂತಪುರ ಜಿಲ್ಲೆಯಲ್ಲಿ ಆ ಮುಂಗಾರಿನ ಶೇಂಗಾ ಗಿಡಗಳು ಎಳೆಯವಿರುವಾಗಲೇ ಎಲೆಯಲ್ಲಿ ಕಂದುಮಚ್ಚೆ ಬಿದ್ದು, ಕಾಂಡ ಕಪ್ಪಾಗಿ, ಸುಳಿ ಒಣಗಿ ಸತ್ತವು. ಸುಮಾರು 2,25,000 ಹೆಕ್ಟೇರಿನ ಬೆಳೆ ಕೆಟ್ಟಿತು; ನಷ್ಟ 300 ಕೋಟಿ ರೂಪಾಯಿಗಳನ್ನು ಮೀರಿತೆಂದು ಅಂದಾಜು ಮಾಡಿದರು. ಶಾಸ್ತ್ರಜ್ಞರು ಪರೀಕ್ಷಿಸಿದಾಗ ಸಿಕ್ಕಿದ್ದು ತಂಬಾಕಿನ ಗೀರುರೋಗದ ವೈರಸ್. ಇದೇ ವೈರಸ್ 1997ರಲ್ಲಿ ನಮ್ಮ ಬಾಗೇಪಲ್ಲಿಯ ಕಡೆ ಸೂರ್ಯಕಾಂತಿಯನ್ನು ಸಾಯಿಸಿತ್ತು.

ಅದು ಬಂದ ದಾರಿಯೂ ವಿಚಿತ್ರವಾದುದೇ. ನಾವು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಇದೆಯಲ್ಲ, 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗುರುತಿಸಲ್ಪಟ್ಟು ಆಮೇಲೆ ನಮ್ಮ ರಸ್ತೆಬದಿಗಳನ್ನೆಲ್ಲ ಆಕ್ರಮಿಸಿದ ಕಳೆ, ಅದು ಈ ವೈರಸ್ಸನ್ನು ಮೈಯಲ್ಲಿಟ್ಟುಕೊಂಡೂ ಯಾವ ರೋಗಚಿಹ್ನೆಯನ್ನೂ ತೋರಿಸುವುದಿಲ್ಲ. ಅದರ ಪರಾಗದಲ್ಲಿ ವೈರಸ್ ಇರುತ್ತದೆ. ಗಾಳಿಯಲ್ಲಿಯೂ ಥ್ರಿಪ್ಸ್ ಎಂಬ ನುಸಿಯ ಮೈಮೇಲೆಯೂ ಆ ಪರಾಗ ಹೊಲಕ್ಕೆ ಬರುತ್ತದೆ. ನುಸಿ ಎಲೆಯನ್ನು ಕೆರೆದು ತಿಂದು ಮಾಡುವ ಗಾಯವೇ ವೈರಸ್ಸಿಗೆ ಬಾಗಿಲು. ಒಮ್ಮೆ ಅದು ಒಳಹೊಕ್ಕ ಗಿಡವನ್ನು ಗುಣಪಡಿಸತಕ್ಕ ಔಷಧಿ ಪೇಟೆಯಲ್ಲಿ ಸಿಗುವುದಿಲ್ಲ. ಬೂಷ್ಟಿಗೆ ಔಷಧಿ ಉಂಟು, ಹುಳುವಿಗೆ ಉಂಟು, ನಂಜುರೋಗಕ್ಕೆ ಇಲ್ಲ. ಆದುದರಿಂದ ಏನು ಮಾಡುವುದಿದ್ದರೂ ರೋಗ ಬರುವ ಮೊದಲೇ ಮಾಡಬೇಕು. ಬೇರಿನ ಬ್ಯಾಕ್ಟೀರಿಯಗಳ ಮಾತು ಬರುವುದು ಇಲ್ಲಿ.

ಈ ಚರಿತ್ರೆಯ ಎರಡು ಎಳೆಗಳೂ ಹಾಲೆಂಡಿನ ಒಬ್ಬನೇ ಮನುಷ್ಯನ ಕೈಯಿಂದ ಹೊರಟವು ಎಂಬುದು ನನಗೆ ಈಗಲೂ ಆಶ್ಚರ್ಯದ ವಿಷಯ. ಮಾರ್ಟಿನಸ್ ಬೈಯರಿಂಕ್ ಹುಟ್ಟಿದ್ದು 1851ರಲ್ಲಿ. ತಂದೆ ಹೊಗೆಸೊಪ್ಪಿನ ವ್ಯಾಪಾರಿ. ದ್ವಿದಳ ಬೆಳೆಗಳ ಬೇರುಗಂಟುಗಳೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದವನು ಆತನೇ, 1888ರಲ್ಲಿ. ಅದಾಗಿ ಹತ್ತು ವರ್ಷಕ್ಕೆ, 1898ರಲ್ಲಿ, ರೋಗಹಿಡಿದ ಹೊಗೆಸೊಪ್ಪಿನ ರಸವನ್ನು ಪಿಂಗಾಣಿಯ ಸೋಸುಕದಲ್ಲಿ ಇಳಿಸಿದ. ಬ್ಯಾಕ್ಟೀರಿಯಗಳು ದಾಟಲಾರದ ಆ ಸೋಸುಕವನ್ನು ದಾಟಿಬಂದ ರಸ ಆರೋಗ್ಯದ ಗಿಡಕ್ಕೆ ರೋಗ ತಂದಿತು. ರಷ್ಯದ ಇವಾನೊವ್‌ಸ್ಕಿ 1892ರಲ್ಲಿಯೇ ಇದನ್ನು ಕಂಡಿದ್ದನು, ಆದರೆ ಎಲ್ಲೋ ಸಣ್ಣ ಬ್ಯಾಕ್ಟೀರಿಯ ನುಸುಳಿರಬೇಕೆಂದೇ ಆತನ ಭಾವನೆ. ಬೈಯರಿಂಕನು ಹಾಗೆನ್ನಲಿಲ್ಲ. ಇದು ಬ್ಯಾಕ್ಟೀರಿಯವೇ ಅಲ್ಲ, ಜೀವವಿರುವ ದ್ರವರೂಪದ ಸೋಂಕು, ಬೆಳೆಯುತ್ತಿರುವ ಜೀವಕೋಶಗಳಲ್ಲಿ ಮಾತ್ರ ಹೆಚ್ಚುತ್ತದೆ ಎಂದ. ದ್ರವವೆಂದದ್ದು ತಪ್ಪಾಯಿತು, ಉಳಿದುದು ಸರಿ. ವೈರಸ್ ಎಂಬ ಮಾತಿಗೆ ಇಂದಿನ ಅರ್ಥ ಬಂದದ್ದು ಅಲ್ಲಿಂದ.

ನೋಡಿ, ಗಿಡದ ಬಂಧುವನ್ನೂ ಹಗೆಯನ್ನೂ ಕಂಡುಹಿಡಿದವನು ಒಬ್ಬನೇ. ಆದರೂ ಬಂಧುವನ್ನು ಹಗೆಯ ಎದುರು ನಿಲ್ಲಿಸಬಹುದೆಂದು ತಿಳಿಯಲು ಸುಮಾರು ನೂರು ವರ್ಷ ಹಿಡಿಯಿತು.

ನಡುವಿನ ಹೆಜ್ಜೆಗಳನ್ನು ಬೇಗ ಹೇಳಿಬಿಡುತ್ತೇನೆ. 1904ರಲ್ಲಿ ಜರ್ಮನಿಯ ಲೊರೆಂಜ್ ಹಿಲ್ಟ್ನರ್ ಬೇರಿಗೆ ಅಂಟಿದ ಮಣ್ಣು ಉಳಿದ ಮಣ್ಣಿನಂತಲ್ಲ, ಅಲ್ಲಿ ಸೂಕ್ಷ್ಮಜೀವಿಗಳ ಸಂತೆಯೇ ನೆರೆದಿರುತ್ತದೆ ಎಂದು ತೋರಿಸಿ ಅದಕ್ಕೊಂದು ಹೆಸರನ್ನೂ ಇಟ್ಟ. 1961ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ರಾಸ್ ಎಂಬವರು ತಂಬಾಕು ಗಿಡದ ಕೆಲವು ಎಲೆಗಳಿಗೆ ವೈರಸ್ ಸವರಿದರು. ಕೆಲವು ದಿನಗಳ ಮೇಲೆ ಅದೇ ಗಿಡದ ಬೇರೆ ಎಲೆಗಳಿಗೆ ಸವರಿದಾಗ ಮಚ್ಚೆಗಳು ಸಣ್ಣವಾಗಿಯೂ ಕಡಿಮೆಯಾಗಿಯೂ ಬಂದವು. ನಮ್ಮ ಹಾಗೆ ರಕ್ತವಿಲ್ಲದ ಗಿಡ, ಒಂದು ಕಡೆ ಪೆಟ್ಟು ತಿಂದು ಮತ್ತೊಂದು ಕಡೆ ಎಚ್ಚರಗೊಂಡಿತ್ತು! ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲಿರುವ ಆಸ್ಪಿರಿನ್ ಕೂಡ ಈ ಕಥೆಯಲ್ಲಿ ಬರುತ್ತದೆ. 1979ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ತಂಬಾಕಿನ ಎಲೆಗೆ ಚುಚ್ಚಿದಾಗ ವೈರಸ್ಸಿನ ಮಚ್ಚೆಗಳು ತಗ್ಗಿದವು. ಆಸ್ಪಿರಿನ್ನಿನ ಹತ್ತಿರದ ನೆಂಟನಾದ ಸ್ಯಾಲಿಸಿಲಿಕ್ ಆಮ್ಲವು ಗಿಡದೊಳಗಿನ ಎಚ್ಚರಿಕೆಯ ಗಂಟೆಗಳಲ್ಲಿ ಒಂದೆಂದು ಆಮೇಲೆ ತಿಳಿಯಿತು.

ಇನ್ನುಳಿದದ್ದು ಒಂದೇ ಪ್ರಶ್ನೆ. ರೋಗವನ್ನೇ ಅಂಟಿಸದೆ ಈ ಗಂಟೆಯನ್ನು ಬಾರಿಸಬಹುದೆ? ಬಾರಿಸಬಹುದೆಂದು 1991ರಲ್ಲಿ ಹೊರಬಿದ್ದ ಕೆಲವು ಪ್ರಯೋಗಗಳು ಹೇಳಿದವು. ಬೇರಿಗೆ ಅಥವಾ ಬೀಜಕ್ಕೆ ಮಣ್ಣಿನ ಒಳ್ಳೆಯ ಬ್ಯಾಕ್ಟೀರಿಯಗಳನ್ನು ಹಚ್ಚಿದರೆ, ಅವು ಎಂದೂ ಮುಟ್ಟದ ಎಲೆ ಕಾಂಡಗಳಲ್ಲಿಯೂ ಬೂಷ್ಟುರೋಗ ತಗ್ಗುತ್ತಿತ್ತು. ಬ್ಯಾಕ್ಟೀರಿಯ ರೋಗಾಣುವಿನೊಡನೆ ಸೆಣಸಿರಲಿಲ್ಲ, ಎರಡೂ ಭೇಟಿಯೇ ಆಗಿರಲಿಲ್ಲ, ಸೆಣಸಿದ್ದು ಗಿಡ. ಈ ಒಂದು ಮಾತನ್ನು ನೀವು ಮನಸ್ಸಿನಲ್ಲಿಡಬೇಕು, ಏಕೆಂದರೆ ವೈರಸ್ಸಿನ ವಿಷಯದಲ್ಲಿ ಇದೇ ಮುಖ್ಯ. ವೈರಸ್ ಜೀವಕೋಶದ ಒಳಗೆ ಅವಿತಿರುತ್ತದೆ, ಬೇರಿನ ಬ್ಯಾಕ್ಟೀರಿಯ ಅಲ್ಲಿಗೆ ಹೋಗಲಾರದು. ಅದು ಮಾಡಬಹುದಾದುದು ಗಿಡವನ್ನು ಎಚ್ಚರವಾಗಿಡುವುದು ಮಾತ್ರ. ಎಚ್ಚರವಿದ್ದ ಗಿಡ ಶತ್ರು ಬಂದಾಗ ಬೇಗನೆಯೂ ಬಲವಾಗಿಯೂ ಎದುರು ನಿಲ್ಲುತ್ತದೆ.

1994ರಲ್ಲಿ ಸ್ವಿಟ್ಜರ್ಲೆಂಡಿನವರು ಸ್ಯೂಡೊಮೊನಾಸ್ ಜಾತಿಯ ಒಂದು ಬ್ಯಾಕ್ಟೀರಿಯದಿಂದ ತಂಬಾಕಿನ ವೈರಸ್ ಮಚ್ಚೆಗಳನ್ನು ತಗ್ಗಿಸಿದರು. 1996ರಲ್ಲಿ ಅಮೆರಿಕದ ಅಲಬಾಮದವರು ಸೌತೆ, ಟೊಮೆಟೊಗಳಲ್ಲಿ ಇದನ್ನು ಕಂಡರು. ಆಮೇಲೆ ಫ್ಲಾರಿಡದ ಬಯಲಿಗೆ ಹೋಗಿ, ಬಿಳಿನೊಣ ಹರಡುವ ಟೊಮೆಟೊ ವೈರಸ್ಸಿನ ಎದುರು ಪರೀಕ್ಷಿಸಿದರು. 1997ರ ಶರತ್ಕಾಲದ ಬೆಳೆಯಲ್ಲಿ ಒಳ್ಳೆಯ ಫಲ ಕಂಡಿತು. ಅಷ್ಟು ಫಲ ಬೇರೆ ಹಂಗಾಮಿನಲ್ಲಿ ಕಾಣಲಿಲ್ಲ. ಪ್ರಯೋಗಶಾಲೆಯ ಕುಂಡಕ್ಕೂ ರೈತನ ಹೊಲಕ್ಕೂ ಇರುವ ಅಂತರ ಅದು.

ನಮ್ಮ ನಾಡಿನಲ್ಲಿ? ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಲಸಂದೆಯನ್ನು ಆರಿಸಿಕೊಂಡರು. ಅಲಸಂದೆಯ ಮೊಸಾಯಿಕ್ ರೋಗ ಬೀಜದಲ್ಲಿಯೇ ಬರುವ ಪೀಡೆ. ಆಮೇಲೆ ಗಿಡಹೇನುಗಳು ಅದನ್ನು ಸಾಲಿನಿಂದ ಸಾಲಿಗೆ ಹೊತ್ತು ಹರಡುತ್ತವೆ. ಬ್ಯಾಕ್ಟೀರಿಯಗಳನ್ನು ಹಸಿಯಾಗಿಯೂ ಟಾಲ್ಕ್ ಪುಡಿಯಲ್ಲಿ ಬೆರೆಸಿಯೂ ಬೀಜಕ್ಕೆ ಹಚ್ಚಿ ಬೆಳೆಸಿದಾಗ ರೋಗ ತಗ್ಗಿತೆಂದು ಅವರು 2009ರಲ್ಲಿ ಪ್ರಕಟಿಸಿದರು. ತಗ್ಗಿತು ಎಂದೆ, ಹೋಯಿತು ಎನ್ನಲಿಲ್ಲ. ಅದೇ ವರ್ಷ ಮದರಾಸು ವಿಶ್ವವಿದ್ಯಾಲಯದವರು ಹಲವು ಸೂಕ್ಷ್ಮಜೀವಿಗಳ ಮಿಶ್ರಣವನ್ನು ಸೂರ್ಯಕಾಂತಿಯ ಹೊಲದಲ್ಲಿ ಪರೀಕ್ಷಿಸಿ, ರೋಗ ಇಳಿದು ಇಳುವರಿ ಏರಿತೆಂದು ವರದಿ ಮಾಡಿದರು. ಚಳ್ಳಕೆರೆಯವರ ಕಿವಿ ನಿಮಿರಬೇಕಾದುದು ಈ ಎರಡನೆಯದಕ್ಕೆ. ಬಾಗೇಪಲ್ಲಿಯ ಸೂರ್ಯಕಾಂತಿಯನ್ನೂ ಅನಂತಪುರದ ಶೇಂಗಾವನ್ನೂ ಕೊಂದ ಆ ಒಂದೇ ವೈರಸ್ಸಿನ ಎದುರು ನಡೆದ ಪರೀಕ್ಷೆ ಅದು.

ಇಷ್ಟು ಓದಿದ ಮೇಲೆ, ಹಳ್ಳಿಯಲ್ಲಿ ಹೊಲವಿದ್ದು ಪಟ್ಟಣದಲ್ಲಿ ವಾಸವಿರುವ ನಿಮ್ಮಲ್ಲಿ ಕೆಲವರು, ಹಾಗಾದರೆ ಒಂದು ಪೊಟ್ಟಣ ತಂದು ಬೀಜಕ್ಕೆ ಹಚ್ಚಿದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯಲಿಲ್ಲ. ಹೀಗೆಂದು ಹೇಳಿ ಮಾರುವವರನ್ನು ನಾನು ನಂಬುವುದಿಲ್ಲ. ಪೊಟ್ಟಣದಲ್ಲಿರುವುದು ಜೀವ, ಗೊಬ್ಬರದ ಅಂಗಡಿಯ ತಗಡಿನ ಮಾಡಿನ ಕೆಳಗೆ ಬೇಸಗೆಯೆಲ್ಲ ಬೆಂದರೆ ಅದರಲ್ಲಿ ಪುಡಿ ಉಳಿದೀತು, ಜೀವ ಉಳಿಯಲಾರದು. ಸ್ಯೂಡೊಮೊನಾಸಿಗೆ ಈ ಕಾವು ಆಗಿಬರುವುದಿಲ್ಲ. ಬ್ಯಾಸಿಲಸ್ ಜಾತಿಯವು ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಕಣಗಳಾಗಿ ಮಲಗಿದ್ದು ಹದ ಸಿಕ್ಕಾಗ ಎದ್ದುಕೊಳ್ಳುತ್ತವೆ. ಆದುದರಿಂದ ಕುದಾಪುರದಂಥ ಒಣನೆಲಕ್ಕೆ ಇವೇ ಹೆಚ್ಚು ಒಪ್ಪುವಂಥವೆಂದು ನನ್ನ ಎಣಿಕೆ. ಬೇರುಗಂಟಿನ ರೈಜೋಬಿಯಂ ಬೇರೆ, ಇವು ಬೇರೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಳ್ಳಬಾರದು.

ಉಳಿದ ಕೆಲಸವೂ ತಪ್ಪುವುದಿಲ್ಲ. ಬದುವಿನ ಮೇಲಿನ ಕಾಂಗ್ರೆಸ್ ಗಿಡವನ್ನು ಹೂಬಿಡುವ ಮೊದಲೇ ಕೀಳಬೇಕು. ಹೊಲದ ಸುತ್ತ ಜೋಳವನ್ನೋ ಸಜ್ಜೆಯನ್ನೋ ಕೆಲವು ಸಾಲು ಹಾಕಿದರೆ, ಹಾರಿಬರುವ ನುಸಿ ಪರಾಗಗಳಿಗೆ ಅದೊಂದು ಬೇಲಿ. ಬ್ಯಾಕ್ಟೀರಿಯದ ಲೇಪನ ಇವುಗಳ ಜೊತೆಗೆ ಸೇರತಕ್ಕದ್ದು, ಇವುಗಳ ಬದಲಿಗೆ ಅಲ್ಲ. ಲೇಪಿಸುವ ಕ್ರಮ ಮಾತ್ರ ರೈಜೋಬಿಯಂ ಹಚ್ಚಿ ರೂಢಿಯಿದ್ದವರಿಗೆ ಹೊಸದಲ್ಲ: ಬೆಲ್ಲದ ನೀರನ್ನು ಕಾಯಿಸಿ ಆರಿಸಿ, ಪುಡಿಯನ್ನು ಕಲಸಿ, ಸಿಪ್ಪೆ ಕೀಳದ ಹಾಗೆ ಬೀಜಕ್ಕೆ ಮೆತ್ತಗೆ ಸವರಿ, ನೆರಳಿನಲ್ಲಿ ಹರವಿ ಒಣಗಿಸಿ, ನೆಲದ ಹದ ಆರುವ ಮೊದಲು ಅಂದೇ ಬಿತ್ತುವುದು.