ಬೇಸಿಗೆ, ಮಳೆ, ಚಳಿ: ಕಾಲಕ್ಕೆ ತಕ್ಕಂತೆ ಕೂದಲು ಮತ್ತು ನೆತ್ತಿಯ ಆರೈಕೆ ಹೀಗಿರಲಿ

ಕಾಲ ಬದಲಾದಂತೆ ಉಡುವ ಬಟ್ಟೆ ಬದಲಾಗುತ್ತದೆ, ಅಡುಗೆಯೂ ಬದಲಾಗುತ್ತದೆ. ಆದರೆ ತಲೆಗೆ ಹಚ್ಚುವ ಎಣ್ಣೆ, ಬಳಸುವ ಶಾಂಪೂ, ವಾರಕ್ಕೆ ಎಷ್ಟು ಬಾರಿ ತಲೆಸ್ನಾನ ಎಂಬ ಲೆಕ್ಕ ಮಾತ್ರ ಹಲವು ಮನೆಗಳಲ್ಲಿ ವರ್ಷವಿಡೀ ಒಂದೇ. ಊರಿನಲ್ಲಿ ರೂಢಿಯಾದ ಪದ್ಧತಿಯನ್ನೇ ಮುಂಬೈನ ಮಳೆಗೂ, ಚೆನ್ನೈನ ಸೆಕೆಗೂ, ದೆಹಲಿಯ ಚಳಿಗೂ ಮುಂದುವರಿಸಿದಾಗ ತಲೆಹೊಟ್ಟು, ತುರಿಕೆ, ಒರಟು ಕೂದಲಿನ ತೊಂದರೆ ಕಾಣಿಸಿಕೊಳ್ಳುವುದು ಸಹಜ. ಯಾವ ಕಾಲದಲ್ಲಿ ಏನು ಬದಲಿಸಬೇಕು, ಯಾವುದಕ್ಕೆ ಹೆದರಬೇಕಿಲ್ಲ, ಯಾವುದನ್ನು ಕಡೆಗಣಿಸಬಾರದು ಎಂಬ ಮಾಹಿತಿ ಇಲ್ಲಿದೆ.

ಮೊದಲು ಕೂದಲಿನ ಲೆಕ್ಕ ತಿಳಿಯಿರಿ

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದು ಕೂದಲೂ ಕೆಲವು ವರ್ಷ ಬೆಳೆದು, ನಂತರ ಎರಡು–ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು, ಕೊನೆಗೆ ಉದುರುತ್ತದೆ. ಅದೇ ಬುಡದಿಂದ ಹೊಸ ಕೂದಲು ಹುಟ್ಟುತ್ತದೆ. ಬೆಳವಣಿಗೆ ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಾಮಾನ್ಯ.

ವಾರಕ್ಕೊಮ್ಮೆ ಮಾತ್ರ ತಲೆಸ್ನಾನ ಮಾಡುವವರಿಗೆ ಆ ದಿನ ಬಚ್ಚಲಿನಲ್ಲಿ ಕೂದಲಿನ ಮುದ್ದೆಯೇ ಕಾಣಬಹುದು. ಅದು ಅಷ್ಟೂ ದಿನ ಸಡಿಲಗೊಂಡು ತಲೆಯಲ್ಲೇ ಸಿಕ್ಕಿಕೊಂಡಿದ್ದ ಕೂದಲು. ಅದನ್ನು ನೋಡಿ ಶಾಂಪೂವನ್ನು ದೂರುವುದಾಗಲೀ, ತಲೆಸ್ನಾನವನ್ನು ಇನ್ನಷ್ಟು ಕಡಿಮೆ ಮಾಡುವುದಾಗಲೀ ಸರಿಯಲ್ಲ.

ಕಾಲಕ್ಕೂ ಕೂದಲು ಉದುರುವುದಕ್ಕೂ ಸಂಬಂಧವಿದೆ ಎಂಬುದು ಬರೀ ನಂಬಿಕೆಯಲ್ಲ. ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ 800ಕ್ಕೂ ಹೆಚ್ಚು ಮಹಿಳೆಯರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಶ್ರಾಂತಿ ಹಂತದಲ್ಲಿರುವ ಕೂದಲಿನ ಪ್ರಮಾಣ ಅಲ್ಲಿನ ಬೇಸಿಗೆಯಾದ ಜುಲೈನಲ್ಲಿ ಅತಿ ಹೆಚ್ಚಿತ್ತು. ಅಂಥ ಕೂದಲು ನಂತರದ ತಿಂಗಳುಗಳಲ್ಲಿ ಉದುರುತ್ತದೆ. ಆದರೆ ಅದು ತಂಪು ದೇಶದ ಲೆಕ್ಕ. ನಮ್ಮಲ್ಲಿ ಸೆಕೆ, ಮಳೆ ಮತ್ತು ಮಳೆಗಾಲದ ಜ್ವರಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಬೇಸಿಗೆ: ಬೆವರು ಮತ್ತು ಬಿಸಿಲು

ಚೆನ್ನೈ, ಮುಂಬೈನಂಥ ಕಡಲ ತೀರದ ಊರುಗಳಲ್ಲಿ ಬೆವರು ಆರುವುದೇ ಇಲ್ಲ. ಬೆವರು, ಎಣ್ಣೆಯಂಶ, ಧೂಳು ಸೇರಿ ನೆತ್ತಿಯಲ್ಲಿ ತುರಿಕೆ, ಕೂದಲ ಬುಡದಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಇಲ್ಲಿ ವಾರಕ್ಕೊಮ್ಮೆಯ ತಲೆಸ್ನಾನ ಸಾಲದು. ಜಿಡ್ಡಿನ ನೆತ್ತಿಯವರು ದಿನ ಬಿಟ್ಟು ದಿನ, ಉಳಿದವರು ವಾರಕ್ಕೆ ಎರಡು–ಮೂರು ಬಾರಿ ಸೌಮ್ಯ ಶಾಂಪೂ ಬಳಸಬಹುದು. ಶಾಂಪೂವನ್ನು ನೆತ್ತಿಗೆ ಹಚ್ಚಿ, ಕಂಡೀಷನರ್ ಅನ್ನು ಕೂದಲಿನ ಉದ್ದಕ್ಕೆ ಮತ್ತು ತುದಿಗೆ ಮಾತ್ರ ಹಚ್ಚಿ.

ದೆಹಲಿ, ಹೈದರಾಬಾದ್‌ನಲ್ಲಿ ಬೇಸಿಗೆ ಒಣ ಬಿಸಿಲಿನದು. ಅಲ್ಲಿ ಕೂದಲಿನ ತೇವ ಆರಿ, ಬಣ್ಣ ಮಾಸಿ, ತುದಿ ಸೀಳುತ್ತದೆ. ಸೂರ್ಯನ ಅತಿನೇರಳೆ ಕಿರಣಗಳು ಕೂದಲಿನ ಪ್ರೋಟೀನನ್ನು ಹಾಳು ಮಾಡುತ್ತವೆ. ಕೂದಲು ತೆಳುವಾದವರಿಗೆ ಬೈತಲೆಯ ಜಾಗದ ಚರ್ಮವೂ ಸುಡಬಹುದು. ಮಧ್ಯಾಹ್ನ ಹೊರಗೆ ಹೋಗುವಾಗ ಛತ್ರಿ, ಟೋಪಿ ಅಥವಾ ಹತ್ತಿ ದುಪಟ್ಟಾ ಇರಲಿ. ಈಜುಕೊಳಕ್ಕೆ ಇಳಿಯುವ ಮೊದಲು ಸಾದಾ ನೀರಿನಲ್ಲಿ ಕೂದಲು ತೋಯಿಸಿಕೊಂಡರೆ ಕ್ಲೋರಿನ್ ನೀರು ಹೀರುವುದು ಕಡಿಮೆಯಾಗುತ್ತದೆ.

ದಿನವೂ ದ್ವಿಚಕ್ರ ವಾಹನ ಓಡಿಸುವವರಲ್ಲಿ ಹೆಲ್ಮೆಟ್‌ನಿಂದ ತಲೆ ಬೋಳಾಗುತ್ತದೆ ಎಂಬ ಭಯವಿದೆ. ಬೋಳುತಲೆಗೆ ಮುಖ್ಯ ಕಾರಣ ವಂಶವಾಹಿ ಮತ್ತು ಹಾರ್ಮೋನು. ಹೆಲ್ಮೆಟ್ ತೊಂದರೆ ಕೊಡುವುದು ಬೆವರು ಮತ್ತು ಉಜ್ಜುವಿಕೆಯಿಂದ ಮಾತ್ರ. ಒಳಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿ, ಅದನ್ನು ದಿನವೂ ಒಗೆಯಿರಿ. ಹೆಲ್ಮೆಟ್‌ನ ಒಳಪದರವನ್ನೂ ಆಗಾಗ ತೊಳೆದು ಒಣಗಿಸಿ.

ಮಳೆಗಾಲ: ಒದ್ದೆ ಕೂದಲೇ ದೊಡ್ಡ ಸಮಸ್ಯೆ

ಮುಂಬೈ, ಪುಣೆಯಲ್ಲಿ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಚೆನ್ನೈಗೆ ಮುಖ್ಯ ಮಳೆ ಬರುವುದು ಹಿಂಗಾರಿನಲ್ಲಿ, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆದ್ದರಿಂದ ತಿಂಗಳು ನೋಡಿ ಅಲ್ಲ, ಹೊರಗಿನ ಹವೆ ನೋಡಿ ಆರೈಕೆ ಬದಲಿಸಬೇಕು.

ಒದ್ದೆಯಾದ ಕೂದಲು ಬಲು ದುರ್ಬಲ. ಎಳೆದರೆ ಹಿಗ್ಗಿ ತುಂಡಾಗುತ್ತದೆ. ಬೆಳಗ್ಗೆ ತಲೆಗೆ ನೀರು ಹಾಕಿ, ಒದ್ದೆ ಕೂದಲನ್ನೇ ಬಿಗಿಯಾಗಿ ಜಡೆ ಹಾಕಿ ಕೆಲಸಕ್ಕೆ ಓಡುವವರಿಗೆ ಕೂದಲು ತುಂಡಾಗುವುದು ಒಂದೆಡೆಯಾದರೆ, ಬುಡ ಸಂಜೆಯವರೆಗೂ ಆರದೆ ವಾಸನೆ, ತುರಿಕೆ ಬರುವುದು ಇನ್ನೊಂದೆಡೆ. ಮಳೆಯ ದಿನಗಳಲ್ಲಿ ಸಂಜೆ ಬೇಗ ತಲೆಸ್ನಾನ ಮಾಡಿ, ಮಲಗುವ ಮೊದಲು ಪೂರ್ತಿ ಒಣಗಿಸಿಕೊಳ್ಳುವುದು ಹೆಚ್ಚು ಅನುಕೂಲ. ಟವೆಲ್‌ನಿಂದ ಉಜ್ಜದೆ ಒತ್ತಿ ನೀರು ತೆಗೆಯಿರಿ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ. ಮಳೆಯಲ್ಲಿ ನೆನೆದು ಬಂದರೆ ಒಳ್ಳೆಯ ನೀರಿನಲ್ಲಿ ತೊಳೆದು ಒಣಗಿಸಿ.

ಮಕ್ಕಳ ತಲೆಯಲ್ಲಿ ದುಂಡಗೆ ಹೊಟ್ಟೇಳುವ ಮಚ್ಚೆ, ಅಲ್ಲಿನ ಕೂದಲು ತುಂಡಾಗಿರುವುದು ಕಂಡರೆ ಅದು ಶಿಲೀಂಧ್ರದ ಸೋಂಕು, ಅಂದರೆ ಹುಳುಕಡ್ಡಿ ಇರಬಹುದು. ಎಣ್ಣೆ, ಮುಲಾಮಿನಿಂದ ಅದು ವಾಸಿಯಾಗುವುದಿಲ್ಲ. ವೈದ್ಯರು ಕೊಡುವ ಮಾತ್ರೆಯನ್ನು ಕೆಲವು ವಾರ ತೆಗೆದುಕೊಳ್ಳಲೇಬೇಕು. ಅದುವರೆಗೆ ಆ ಮಗುವಿನ ಬಾಚಣಿಗೆ, ಟವೆಲ್ ಬೇರೆ ಇರಲಿ. ಇನ್ನು ಹೇನು ಕಾಲ ನೋಡಿ ಬರುವುದಿಲ್ಲ. ತಲೆಗೆ ತಲೆ ತಾಗಿ ಹರಡುತ್ತದೆ. ಔಷಧ ಹಚ್ಚಿದರೂ ಸೀರು ಉಳಿಯುವುದರಿಂದ 7ರಿಂದ 10 ದಿನ ಬಿಟ್ಟು ಸಾಮಾನ್ಯವಾಗಿ ಇನ್ನೊಮ್ಮೆ ಹಚ್ಚಬೇಕಾಗುತ್ತದೆ.

ಮಳೆ ನಿಂತ ಮೇಲೆ: ಜ್ವರದ ನಂತರ ಉದುರುವ ಕೂದಲು

ದಸರಾ, ದೀಪಾವಳಿ ಹೊತ್ತಿಗೆ ಹಿಡಿ ಹಿಡಿಯಾಗಿ ಕೂದಲು ಉದುರುತ್ತಿದೆ ಎನ್ನುವವರು ಆಗಸ್ಟ್ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಡೆಂಗಿ, ಚಿಕುನ್‌ಗುನ್ಯಾ, ಮಲೇರಿಯಾ, ಟೈಫಾಯ್ಡ್‌ನಂಥ ತೀವ್ರ ಜ್ವರ ಬಂದಾಗ ದೊಡ್ಡ ಪ್ರಮಾಣದ ಕೂದಲು ಒಮ್ಮೆಗೇ ವಿಶ್ರಾಂತಿ ಹಂತಕ್ಕೆ ಹೋಗುತ್ತದೆ. ಅದು ಉದುರುವುದು ಎರಡು–ಮೂರು ತಿಂಗಳ ನಂತರ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತದೆ. ನೀರು, ಹೊಸ ಶಾಂಪೂ, ಬದಲಾದ ಊರು ಎಲ್ಲದರ ಮೇಲೂ ಅನುಮಾನ ಬರುತ್ತದೆ. ದುಬಾರಿ ಎಣ್ಣೆ, ಸೀರಮ್‌ಗಳಿಗೆ ಸಾವಿರಾರು ರೂಪಾಯಿ ಖರ್ಚಾಗುವುದೂ ಆಗಲೇ.

ಹೆರಿಗೆ, ಶಸ್ತ್ರಚಿಕಿತ್ಸೆ, ಬೇಗ ತೂಕ ಇಳಿಸುವ ಕಟ್ಟುನಿಟ್ಟಿನ ಪಥ್ಯದ ನಂತರವೂ ಹೀಗೆಯೇ ಆಗುತ್ತದೆ. ಇಲ್ಲಿ ಬುಡ ಸಾಯುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಂತು ಹೊಸ ಕೂದಲು ಬರುತ್ತದೆ. ಸಾಕಷ್ಟು ಬೇಳೆಕಾಳು, ಮೊಟ್ಟೆ, ಹಾಲು, ಸೊಪ್ಪು ತಿನ್ನುವುದೇ ಮುಖ್ಯ ಆರೈಕೆ.

ಉದುರುವುದು ಆರು ತಿಂಗಳು ದಾಟಿದರೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ತೊಂದರೆ ಇದ್ದರೆ ತಲೆಗೆ ಯಾವ ಎಣ್ಣೆ ಹಚ್ಚಿದರೂ ಪ್ರಯೋಜನವಿಲ್ಲ.

ಚಳಿಗಾಲ: ಒಣ ನೆತ್ತಿಯೋ, ತಲೆಹೊಟ್ಟೋ?

ಚಳಿಗಾಲದಲ್ಲಿ ನೆತ್ತಿಯಿಂದ ಬಿಳಿ ಪುಡಿ ಉದುರುವುದು ಹೆಚ್ಚು. ಇದರಲ್ಲಿ ಎರಡು ಬಗೆ. ಸಣ್ಣ, ಒಣ ಪುಡಿ ಉದುರುತ್ತಿದ್ದು, ಕೈಕಾಲಿನ ಚರ್ಮವೂ ಬಿರುಕು ಬಿಟ್ಟಿದ್ದರೆ ಅದು ಒಣ ನೆತ್ತಿ. ದೆಹಲಿಯ ಚಳಿಯಲ್ಲಿ ಗೀಸರ್‌ನ ಸುಡುನೀರು, ರೂಮ್ ಹೀಟರ್ ಸೇರಿದರೆ ಇದು ಇನ್ನಷ್ಟು ಹೆಚ್ಚುತ್ತದೆ. ಉಗುರು ಬೆಚ್ಚಗಿನ ನೀರು, ಕಡಿಮೆ ಶಾಂಪೂ, ಸ್ನಾನಕ್ಕೆ ಮುಂಚೆ ಸ್ವಲ್ಪ ಎಣ್ಣೆ ಹಚ್ಚಿದರೆ ಇದು ತಗ್ಗುತ್ತದೆ.

ಜಿಡ್ಡಾದ, ಹಳದಿ ಛಾಯೆಯ ದಪ್ಪ ಹೊಟ್ಟು, ಕೆಂಪಾದ ನೆತ್ತಿ, ಹುಬ್ಬು ಹಾಗೂ ಮೂಗಿನ ಪಕ್ಕದಲ್ಲೂ ಹೊಟ್ಟು ಇದ್ದರೆ ಅದು ತಲೆಹೊಟ್ಟು. ಚರ್ಮದ ಮೇಲೆ ಸಹಜವಾಗಿಯೇ ಇರುವ ಮಲಸೇಜಿಯಾ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಅದಕ್ಕೆ ಆಹಾರವೇ ಎಣ್ಣೆಯಂಶ. ಎಣ್ಣೆ ಹಚ್ಚಿದಾಗ ಹೊಟ್ಟು ಅಂಟಿಕೊಂಡು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ, ಕಾಯಿಲೆ ಹೋಗುವುದಿಲ್ಲ. ಕೀಟೊಕೊನಜೋಲ್, ಸೆಲೆನಿಯಂ ಸಲ್ಫೈಡ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶಾಂಪೂವನ್ನು ವಾರಕ್ಕೆರಡು ಬಾರಿ, ಎರಡರಿಂದ ನಾಲ್ಕು ವಾರ ಬಳಸಬೇಕು. ಹಚ್ಚಿದ ತಕ್ಷಣ ತೊಳೆದರೆ ಔಷಧ ಕೆಲಸ ಮಾಡುವುದಿಲ್ಲ. ನೊರೆ ನೆತ್ತಿಯಲ್ಲಿ ಮೂರರಿಂದ ಐದು ನಿಮಿಷ ಇರಲಿ.

ಎಣ್ಣೆ ಎಷ್ಟು, ಯಾವಾಗ?

ಎಣ್ಣೆ ಸ್ನಾನಕ್ಕೆ ನಮ್ಮಲ್ಲಿ ದೊಡ್ಡ ಪರಂಪರೆಯಿದೆ. ವಾಗ್ಭಟನ ಅಷ್ಟಾಂಗ ಹೃದಯದ ಋತುಚರ್ಯೆ ಅಧ್ಯಾಯ ಹೇಮಂತ ಋತುವಿನಲ್ಲಿ ಅಭ್ಯಂಗ ಮಾಡಲು ಹೇಳುತ್ತದೆ. ನರಕ ಚತುರ್ದಶಿಯ ಅಭ್ಯಂಜನವೂ ಚಳಿ ಶುರುವಾಗುವ ಹೊತ್ತಿನದೇ. ಅಂದರೆ ಎಣ್ಣೆಗೂ ಕಾಲವಿದೆ.

ಇಂದಿನ ಸಂಶೋಧನೆಯೂ ಕೊಬ್ಬರಿ ಎಣ್ಣೆಯ ಪರವಾಗಿದೆ, ಆದರೆ ಒಂದು ಮಿತಿಯಲ್ಲಿ. ಇದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ ಎಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನ ತೋರಿಸಿತು. ಸೂರ್ಯಕಾಂತಿ ಎಣ್ಣೆ, ಖನಿಜ ತೈಲಕ್ಕೆ ಆ ಗುಣ ಕಾಣಲಿಲ್ಲ. ಹೀಗೆ ಎಣ್ಣೆ ಇರುವ ಕೂದಲನ್ನು ಕಾಪಾಡುತ್ತದೆ. ಹೊಸ ಕೂದಲು ಹುಟ್ಟಿಸುವುದಿಲ್ಲ.

ಸ್ನಾನಕ್ಕೆ ಅರ್ಧ–ಒಂದು ಗಂಟೆ ಮೊದಲು ಹಚ್ಚಿ ತೊಳೆದರೆ ಸಾಕು. ಬೇಸಿಗೆ, ಮಳೆಗಾಲದಲ್ಲಿ ಕೂದಲಿನ ಉದ್ದಕ್ಕೆ ಮಾತ್ರ ತೆಳುವಾಗಿ ಹಚ್ಚಿ. ಚಳಿಗಾಲದಲ್ಲಿ ಹೊಟ್ಟಿಲ್ಲದವರು ನೆತ್ತಿಗೂ ಹಚ್ಚಬಹುದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಅದು ಕಲಬೆರಕೆಯ ಗುರುತಲ್ಲ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ.

ಬೋರ್‌ವೆಲ್ ನೀರಿನ ಗಡಸುತನದಿಂದ ಕೂದಲು ಒರಟಾಗಬಹುದು. ಸಾಬೂನು ಹಚ್ಚಿದರೆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಅಂಟು ಕೂರುತ್ತದೆ. ಅಂಥಲ್ಲಿ ಸಾಬೂನು ಬಿಟ್ಟು ಶಾಂಪೂ ಬಳಸಿ, ಕೊನೆಯ ಒಂದು ಚೊಂಬು ಕುದಿಸಿ ಆರಿಸಿದ ನೀರಿನಲ್ಲಿ ತಲೆ ತೊಳೆಯಿರಿ. ಸೀಗೆಕಾಯಿ ಬಳಸುವವರು ಪುಡಿ ನೆತ್ತಿಯಲ್ಲಿ ಉಳಿಯದಂತೆ, ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು.

ಚರ್ಮವೈದ್ಯರನ್ನು ಯಾವಾಗ ಕಾಣಬೇಕು?

* ನಾಣ್ಯದಂತೆ ದುಂಡಗೆ ಕೂದಲು ಹೋಗಿ ಚರ್ಮ ನುಣ್ಣಗಾದಾಗ
* ನೆತ್ತಿಯಲ್ಲಿ ಕೀವು, ನೋವು, ಹುಣ್ಣು ಅಥವಾ ಗಾಯದ ಕಲೆ ಕಂಡಾಗ
* ಔಷಧಿಯುಕ್ತ ಶಾಂಪೂ ನಾಲ್ಕು ವಾರ ಬಳಸಿದರೂ ಹೊಟ್ಟು ತಗ್ಗದಿದ್ದಾಗ
* ಬೈತಲೆ ಅಗಲವಾಗುತ್ತಿದ್ದರೆ ಅಥವಾ ಹಣೆಯ ಮೇಲಿನ ಕೂದಲು ಹಿಂದೆ ಸರಿಯುತ್ತಿದ್ದರೆ
* ಕೂದಲು ಉದುರುವುದರ ಜೊತೆ ಆಯಾಸ, ಮುಟ್ಟಿನ ಏರುಪೇರು, ತೂಕದಲ್ಲಿ ವ್ಯತ್ಯಾಸ ಇದ್ದಾಗ

ಇವು ಯಾವುವೂ ಕಾಲ ಬದಲಾದರೆ ತಾವಾಗಿ ಸರಿಹೋಗುತ್ತವೆ ಎಂದು ಕಾಯುವಂಥವಲ್ಲ. ಗಾಯದ ಕಲೆಯಾಗಿ ಬುಡ ಮುಚ್ಚಿದ ಜಾಗದಲ್ಲಿ ಕೂದಲು ಮತ್ತೆ ಬರುವುದಿಲ್ಲ. ಬೈತಲೆ ಅಗಲವಾಗುವ ತೊಂದರೆಗೂ ಬೇಗ ಚಿಕಿತ್ಸೆ ಶುರುಮಾಡಿದಷ್ಟು ಹೆಚ್ಚು ಕೂದಲು ಉಳಿಯುತ್ತದೆ.