ಕಾರ್ಬೊರೇಟರ್ ಹದ ಮಾಡಿದ ಕೈಗಳು: ಅಮೆರಿಕದ ಪಿಕಪ್ ಟ್ರಕ್ಕಿನ ಚರಿತ್ರೆಯ ಒಂದು ಅಧ್ಯಾಯ

ಪೆಟ್ರೋಲ್ ಎಂಜಿನ್ನಿನೊಳಗೆ ಉರಿಯುವುದು ಬರಿಯ ಪೆಟ್ರೋಲಲ್ಲ, ಗಾಳಿಯೊಂದಿಗೆ ತಕ್ಕ ಪ್ರಮಾಣದಲ್ಲಿ ಬೆರೆತ ಅದರ ಸಣ್ಣ ಹನಿಗಳ ಮತ್ತು ಆವಿಯ ಮಿಶ್ರಣ. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಭಾಗ ಗಾಳಿ ಬೇಕು. ಭಾರ ಹೊತ್ತು ಏರು ಹತ್ತುವಾಗ ಎಂಜಿನ್ನಿಗೆ ಹೆಚ್ಚಿನ ಶಕ್ತಿ ಸಿಗುವುದು ಗಾಳಿಯ ಪಾಲು 12.5ರ ಆಸುಪಾಸಿಗೆ ಇಳಿದಾಗ. ಪೆಟ್ರೋಲು ಹೆಚ್ಚಾದ ಮಿಶ್ರಣವನ್ನು ಮೆಕ್ಯಾನಿಕ್‌ಗಳು ‘ರಿಚ್’ ಎಂದೂ ಗಾಳಿ ಹೆಚ್ಚಾದುದನ್ನು ‘ಲೀನ್’ ಎಂದೂ ಕರೆಯುತ್ತಾರೆ. ಇವೆರಡರ ನಡುವಿನ ಸ್ಥಿತಿಗೆ ಆಲೆಮನೆಯಲ್ಲಿ ಬೆಲ್ಲದ ಪಾಕಕ್ಕೆ ಬಳಸುವ ‘ಹದ’ ಎಂಬ ಮಾತೇ ಸರಿಯಾಗಿ ಒಪ್ಪುತ್ತದೆ, ಏಕೆಂದರೆ ಎರಡೂ ಕಡೆ ಅಳತೆಯ ಜೊತೆಗೆ ಕಣ್ಣು, ಕಿವಿ ಮತ್ತು ಮೂಗಿನ ಅನುಭವವೂ ಕೆಲಸ ಮಾಡುತ್ತದೆ. ಅಮೆರಿಕದ ಪಿಕಪ್ ಟ್ರಕ್ಕಿನಲ್ಲಿ, ಎಂದರೆ ಮುಂದೆ ಚಾಲಕನ ಕೋಣೆ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ ಇರುವ ಹಗುರ ವಾಹನದಲ್ಲಿ, ಈ ಹದ ಮಾಡುವ ಅಧಿಕಾರ ಅರವತ್ತು ವರ್ಷಗಳೊಳಗೆ ಚಾಲಕನಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಕಾರ್ಖಾನೆಗೆ ದಾಟಿಹೋಯಿತು.

ಕಾರ್ಬೊರೇಟರ್‌ನ ಮೂಲತತ್ತ್ವ ವಾಹನಗಳಿಗಿಂತ ಹಳೆಯದು. ಕೊಳವೆ ಕಿರಿದಾದಲ್ಲಿ ಅದರೊಳಗೆ ಹರಿಯುವ ದ್ರವದ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ ಎಂಬುದನ್ನು ಇಟಲಿಯ ಜೊವಾನಿ ಬಟಿಸ್ಟ ವೆಂಟುರಿ 18ನೆಯ ಶತಮಾನದ ಕೊನೆಯಲ್ಲಿ ವಿವರಿಸಿದನು, ಮತ್ತು ಕಾರ್ಬೊರೇಟರ್‌ನ ಕಿರಿದಾದ ಕೊರಳಿಗೆ ಇಂದಿಗೂ ವೆಂಟುರಿ ಎಂದೇ ಹೆಸರು. ಆ ಕೊರಳಿನಲ್ಲಿ ಗಾಳಿಯ ಒತ್ತಡ ತಗ್ಗಿದಾಗ ಪಕ್ಕದ ಬಟ್ಟಲಿನ ಪೆಟ್ರೋಲು ಸಣ್ಣ ನಳಿಕೆಯ ಮೂಲಕ ಚಿಮ್ಮಿ ಬರುವಂತೆ ಮಾಡುವ ಸಾಧನವನ್ನು 1893ರ ಸುಮಾರಿಗೆ ಜರ್ಮನಿಯಲ್ಲಿ ವಿಲ್‌ಹೆಲ್ಮ್ ಮೈಬಾಖ್, ಹಂಗೆರಿಯಲ್ಲಿ ದೊನಾತ್ ಬಾಂಕಿ ಮತ್ತು ಯಾನೊಶ್ ಚೊಂಕಾ ರೂಪಿಸಿದರು.

ಫೋರ್ಡ್ ಕಂಪನಿ 1925ರ ಏಪ್ರಿಲ್‌ನಲ್ಲಿ ಮಾಡೆಲ್ ಟಿ ಗಾಡಿಯನ್ನು ಕಾರ್ಖಾನೆಯಲ್ಲೇ ಕೂಡಿಸಿದ ಪಿಕಪ್ ತೊಟ್ಟಿಯೊಂದಿಗೆ 281 ಡಾಲರ್ ಬೆಲೆಗೆ ಮಾರಲು ತೊಡಗಿತು. ಅದಕ್ಕೂ ಮೊದಲು ರೈತರು ಗಾಡಿಯ ಹಿಂಭಾಗವನ್ನು ಕತ್ತರಿಸಿ ಮರದ ಪೆಟ್ಟಿಗೆಯನ್ನು ತಾವೇ ಕೂರಿಸಿಕೊಳ್ಳುತ್ತಿದ್ದರು. ಮಾಡೆಲ್ ಟಿಯಲ್ಲಿ ಕಾರ್ಬೊರೇಟರ್‌ನ ಸೂಜಿಗೆ ಜೋಡಿಸಿದ ಸರಳೊಂದು ಚಾಲಕನ ಮುಂದಿನ ಹಲಗೆಯವರೆಗೂ ಬರುತ್ತಿತ್ತು. ಚಳಿಯ ಮುಂಜಾನೆ ಅದನ್ನು ತುಸು ಬಿಚ್ಚಿ ಮಿಶ್ರಣವನ್ನು ರಿಚ್ ಮಾಡಿ, ಎಂಜಿನ್ನು ಬಿಸಿಯಾಗುತ್ತಿದ್ದಂತೆ ಮತ್ತೆ ಬಿಗಿಯುವುದು ಗಾಡಿ ಓಡಿಸುವ ಕೆಲಸದ ಭಾಗವೇ ಆಗಿತ್ತು. 1928ರ ಮಾಡೆಲ್ ಎ ಗಾಡಿಯಲ್ಲೂ ಇಂಥ ಗುಂಡಿ ಉಳಿಯಿತು. ಆದುದರಿಂದ ಆ ತಲೆಮಾರಿನ ಹಳ್ಳಿಗಾಡಿನ ಚಾಲಕನಿಗೆ ಮಿಶ್ರಣದ ಹದ ಅಪರಿಚಿತ ವಿದ್ಯೆಯಾಗಿರಲಿಲ್ಲ, ಮತ್ತು ಆ ಗಾಡಿಗಳು ದೂರದ ಹೊಲಗಳಲ್ಲಿ ವರ್ಷಗಟ್ಟಲೆ ದುಡಿದುದಕ್ಕೆ ಅವುಗಳ ಗಟ್ಟಿತನದಷ್ಟೇ ಈ ತಿಳಿವಳಿಕೆಯೂ ಕಾರಣವೆಂದು ಹೇಳಬೇಕು.

1930ರ ದಶಕದಲ್ಲಿ ಆ ಸರಳು ಮರೆಯಾಯಿತು. ಓಡುವಾಗಿನ ಮಿಶ್ರಣವನ್ನು ಜೆಟ್ ಎಂಬ ಹಿತ್ತಾಳೆಯ ಬಿಲ್ಲೆಯಲ್ಲಿ ಕೊರೆದ, ಕಾರ್ಖಾನೆಯಲ್ಲೇ ಅಳತೆ ನಿಗದಿಯಾದ ರಂಧ್ರ ನಿರ್ಧರಿಸತೊಡಗಿತು, ಚಾಲಕನ ಕೈಯಲ್ಲಿ ಚೋಕ್ ಮಾತ್ರ ಉಳಿಯಿತು. ಚೋಕ್ ಎಂದರೆ ತಣ್ಣಗಿನ ಎಂಜಿನ್ನಿಗೆ ಗಾಳಿಯನ್ನು ಕಡಿಮೆ ಮಾಡುವ ಮುಚ್ಚಳ. ಹಾಲಿ, ಕಾರ್ಟರ್, ಜೆನಿತ್, ಮುಂದೆ ಜನರಲ್ ಮೋಟರ್ಸ್‌ನದೇ ಆದ ರಾಚೆಸ್ಟರ್ ಕಾರ್ಬೊರೇಟರ್‌ಗಳು ಬಂದವು. 1947ರ ಶೆವರ್ಲೆ ಪಿಕಪ್, 1948ರ ಫೋರ್ಡ್ ಎಫ್-1 ಮುಂತಾದ ಯುದ್ಧಾನಂತರದ ಟ್ರಕ್ಕುಗಳ ಕಾಲಕ್ಕೆ ಟ್ಯೂನಿಂಗ್ ಎಂಬುದು ಊರಿನ ಗ್ಯಾರೇಜಿನ ವೃತ್ತಿಯಾಗಿ ನೆಲೆಗೊಂಡಿತ್ತು.

ಆ ವೃತ್ತಿಯ ಮೊದಲ ನಿಯಮವೇ ಕಾರ್ಬೊರೇಟರ್‌ಗೆ ಕೊನೆಯಲ್ಲಿ ಕೈಹಾಕುವುದು. ಪ್ಲಗ್ಗು ಸವೆದಿದ್ದರೂ ಕಿಡಿ ಹೊತ್ತುವ ಟೈಮಿಂಗ್ ತಪ್ಪಿದ್ದರೂ ಎಂಜಿನ್ನು ಮಿಶ್ರಣ ಕೆಟ್ಟಂತೆಯೇ ಮಿಸ್ ಹೊಡೆಯುವುದರಿಂದ, ಒಳ್ಳೆಯ ಮೆಕ್ಯಾನಿಕ್ ಮೊದಲು ಅವನ್ನು ಸರಿಪಡಿಸಿ, ಕಾರ್ಬೊರೇಟರ್‌ನ ಬುಡದ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಎಂಜಿನ್ನು ಪೂರ್ತಿ ಬಿಸಿಯಾಗಿ ಚೋಕ್ ತೆರೆದುಕೊಳ್ಳುವವರೆಗೆ ಕಾಯುತ್ತಿದ್ದನು. ಬಟ್ಟಲಿನಲ್ಲಿ ತೇಲುವ ಫ್ಲೋಟ್ ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ. ಅದು ತೂತುಬಿದ್ದು ಮುಳುಗಿದರೆ ಪೆಟ್ರೋಲು ಉಕ್ಕುವುದರಿಂದ ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ದ್ರವದ ಸದ್ದಿದೆಯೇ ಎಂದು ನೋಡುವುದು ರೂಢಿಯಾಗಿತ್ತು. ಬಳಿಕ ಎಂಜಿನ್ನು ನಿಂತಲ್ಲೇ ನಿಧಾನವಾಗಿ ತಿರುಗುವಾಗಿನ, ಎಂದರೆ ಐಡ್ಲಿಂಗ್‌ನ, ಮಿಶ್ರಣದ ಸ್ಕ್ರೂ. ಎಂಜಿನ್ನನ್ನು ನಿಲ್ಲಿಸಿ ಅದನ್ನು ಹಗುರವಾಗಿ ತಳ ಮುಟ್ಟುವವರೆಗೆ ಬಿಗಿದು ಸುಮಾರು ಒಂದೂವರೆ ಸುತ್ತು ಬಿಚ್ಚಿದರೆ ಎಂಜಿನ್ನು ಚಾಲೂ ಆಗುವ ಮಟ್ಟಿಗೆ ಬರುತ್ತಿತ್ತು. ಒತ್ತಿ ಬಿಗಿದರೆ ಸೂಜಿಯ ಮೊನೆಗೆ ಗೆರೆ ಬಿದ್ದು ಆ ಸ್ಕ್ರೂ ಮುಂದೆಂದೂ ಹದಕ್ಕೆ ಬಾರದು. ಚಾಲೂ ಮಾಡಿದ ಎಂಜಿನ್ನು ತಡವರಿಸುವವರೆಗೆ ಸ್ಕ್ರೂವನ್ನು ಒಳಕ್ಕೆ ತಿರುಗಿಸಿ, ಮತ್ತೆ ಕಾಲು ಸುತ್ತಿನಂತೆ ಹೊರಕ್ಕೆ ಬಿಚ್ಚುತ್ತ ಹೋದಾಗ ಸದ್ದು ಒಂದು ಕಡೆ ಸಮವಾಗಿ ಕೂರುತ್ತದೆ, ಇನ್ನೂ ಬಿಚ್ಚಿದರೆ ಭಾರವಾಗಿ ಗುಡುಗುಡು ಎನ್ನತೊಡಗುತ್ತದೆ. ಆ ಎರಡರ ನಡುವಿನ ಸ್ಥಾನವೇ ಹದ. ಕೆಲವು ಕಾರ್ಬೊರೇಟರ್‌ಗಳಲ್ಲಿ ಈ ಸ್ಕ್ರೂ ಪೆಟ್ರೋಲಿನ ಬದಲು ಗಾಳಿಯ ದಾರಿಯಲ್ಲಿರುವುದರಿಂದ ಫಲ ತಿರುವುಮುರುವಾಗುತ್ತದೆ. ಕಿವಿಯನ್ನಷ್ಟೇ ನಂಬದವರು ಎಂಜಿನ್ನಿನ ಎಳೆತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಜೋಡಿಸುತ್ತಿದ್ದರು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ನಿನ ಮುಳ್ಳು ಸಾಮಾನ್ಯವಾಗಿ 17ರಿಂದ 21 ಇಂಚು ಪಾದರಸದ ನಡುವೆ ಅಲುಗದೆ ನಿಲ್ಲುತ್ತದೆ, ಸ್ಕ್ರೂ ಹದದಲ್ಲಿದ್ದಾಗ ಅದು ತನ್ನ ಗರಿಷ್ಠ ಮಟ್ಟ ಮುಟ್ಟುತ್ತದೆ. ಗಾಡಿ ಕೆಲವು ದಿನ ಓಡಿದ ಮೇಲೆ ಪ್ಲಗ್ಗು ಕಳಚಿ ನೋಡುವುದು ಕೊನೆಯ ಪರೀಕ್ಷೆ: ಅದರ ಮೊನೆ ತಿಳಿಗಂದಾಗಿದ್ದರೆ ಸರಿ, ಮಸಿ ಹಿಡಿದಿದ್ದರೆ ರಿಚ್, ಬೆಳ್ಳಗೆ ಸುಟ್ಟಂತಿದ್ದರೆ ಲೀನ್.

ಎತ್ತರದ ಊರಿಗೆ ಹೋದಂತೆ ಗಾಳಿ ತೆಳುವಾಗಿ ಅದೇ ಜೆಟ್ಟಿನಲ್ಲಿ ಮಿಶ್ರಣ ರಿಚ್ ಆಗುವುದರಿಂದ, 5,280 ಅಡಿ ಎತ್ತರದ ಡೆನ್ವರ್‌ನಂಥ ಊರುಗಳಲ್ಲಿ ಕಿರಿದಾದ ಜೆಟ್ಟುಗಳನ್ನು ಹಾಕಬೇಕಾಗುತ್ತಿತ್ತು. ಮಂಗಳೂರಿನಲ್ಲಿ ಹದ ಮಾಡಿದ ಕಾರ್ಬೊರೇಟರ್ ಗಾಡಿ ಘಟ್ಟ ಹತ್ತಿ ಸುಮಾರು 3,000 ಅಡಿ ಎತ್ತರದ ಬೆಂಗಳೂರಿಗೆ ಬಂದರೂ ಆಗುವುದು ಇದೇ.

ಈ ವಿದ್ಯೆಯನ್ನು ಗ್ಯಾರೇಜಿನಿಂದ ಬಿಡಿಸಿದ್ದು ಹೊಗೆ. ಲಾಸ್ ಏಂಜಲಿಸ್‌ನ ಕಣ್ಣುರಿಸುವ ಮಬ್ಬಿಗೆ ವಾಹನಗಳಿಂದ ಹೊರಬೀಳುವ ಅರೆಯುರಿದ ಪೆಟ್ರೋಲಿನ ಆವಿ ಮುಖ್ಯ ಕಾರಣವೆಂದು 1950ರ ದಶಕದಲ್ಲಿ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ ತೋರಿಸಿದರು. 1970ರ ಶುದ್ಧ ವಾಯು ಕಾಯಿದೆ ವಾಹನಗಳ ಹೊಗೆಗೆ ಬಿಗಿಯಾದ ಮಿತಿ ಹಾಕಿತು. ಮಿಶ್ರಣದ ಸ್ಕ್ರೂಗಳಿಗೆ ಒಂದಿಷ್ಟಕ್ಕಿಂತ ಹೆಚ್ಚು ತಿರುಗದಂತೆ ಪ್ಲಾಸ್ಟಿಕ್ ಟೊಪ್ಪಿಗೆಗಳು ಬಂದವು, 1980ರ ಸುಮಾರಿಗೆ ಸ್ಕ್ರೂವಿನ ರಂಧ್ರವನ್ನೇ ಲೋಹದ ಬಿರಡೆಯಿಂದ ಮುಚ್ಚಲಾಯಿತು. ಟ್ರಕ್ಕುಗಳಿಗೆ ಮಾತ್ರ ನಿಯಮ ತಡವಾಗಿ ತಟ್ಟಿತು. ಸರಕು ಸಹಿತ ಒಟ್ಟು ತೂಕ 6,000 ಪೌಂಡ್ ಮೀರಿದ ಟ್ರಕ್ಕಿಗೆ ಆಗ ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರ್‌ನ ಅಗತ್ಯ ಬೀಳದಿದ್ದುದರಿಂದ, ಫೋರ್ಡ್ 1975ರಲ್ಲಿ ಆ ಗಡಿಯನ್ನು ತುಸುವೇ ದಾಟುವ ಎಫ್-150 ಎಂಬ ಮಾದರಿಯನ್ನು ಹೊರತಂದಿತು. ಇಂದು ಅಮೆರಿಕದಲ್ಲಿ ಮನೆಮಾತಾಗಿರುವ ಆ ಹೆಸರು ಹುಟ್ಟಿದ್ದು ಹೀಗೆ, ನಿಯಮದ ಅಂಚಿನಲ್ಲಿ. ಆದರೂ 1980ರ ದಶಕ ಮುಗಿಯುವ ಹೊತ್ತಿಗೆ ಫೋರ್ಡ್ ಮತ್ತು ಶೆವರ್ಲೆ ಪಿಕಪ್‌ಗಳೆರಡರಲ್ಲೂ ಕಂಪ್ಯೂಟರ್ ನಿಯಂತ್ರಿಸುವ ಫ್ಯೂಯೆಲ್ ಇಂಜೆಕ್ಷನ್ ನೆಲೆಯೂರಿ, ಹದ ಮಾಡುವ ಕೆಲಸ ಆಮ್ಲಜನಕವನ್ನು ಅಳೆಯುವ ಸೆನ್ಸರ್‌ಗೆ ಸೇರಿತು. ಭಾರತದ ದ್ವಿಚಕ್ರ ವಾಹನಗಳಲ್ಲಿ ಇದೇ ಪಲ್ಲಟವನ್ನು ತಂದುದು 2020ರ ಏಪ್ರಿಲ್ 1ರಂದು ಜಾರಿಯಾದ ಬಿಎಸ್-6 ನಿಯಮ.

ಉಳಿದಿರುವ ಹಳೆಯ ಟ್ರಕ್ಕುಗಳಿಗೆ ಈಗ ಹೊಸ ತೊಡಕು ಇಂಧನದ್ದೇ. ಪೆಟ್ರೋಲಿನಲ್ಲಿ ಶೇಕಡಾ 10ರಷ್ಟು ಬೆರೆಸುವ ಎಥನಾಲ್ ತನ್ನಲ್ಲೇ ಆಮ್ಲಜನಕವನ್ನು ಹೊಂದಿರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಲೀನ್ ಕಡೆಗೆ ಜಾರುತ್ತದೆ, ಹಳೆಯ ರಬ್ಬರು ಉಬ್ಬಿ ಕೆಡುತ್ತದೆ. ಸ್ಕ್ರೂವನ್ನು ಅರಿತು ತಿರುಗಿಸಬಲ್ಲ ಕೈಯ ಅಗತ್ಯ ಆದುದರಿಂದ ಇನ್ನೂ ತೀರಿಲ್ಲ, ಆ ಕೈಗಳೇ ವರ್ಷವರ್ಷಕ್ಕೆ ಕಡಿಮೆಯಾಗುತ್ತಿರುವುದು ನಿಜವಾದ ನಷ್ಟ. ದೇಶದಲ್ಲೇ ಅತಿ ಕಟ್ಟುನಿಟ್ಟಿನ ಹೊಗೆ ತಪಾಸಣೆ ನಡೆಸುವ ರಾಜ್ಯಗಳಲ್ಲೊಂದಾದ ಕ್ಯಾಲಿಫೋರ್ನಿಯಾ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ವಾಹನಗಳನ್ನು ಆ ತಪಾಸಣೆಯಿಂದ ಬಿಟ್ಟಿದೆ. ಮೊದಲ ವರ್ಷದ ಎಫ್-150 ಆ ವಿನಾಯಿತಿಯ ಒಳಗೆ ಬರುತ್ತದೆ, ಮರುವರ್ಷದ್ದು ಬರುವುದಿಲ್ಲ.