ಚಪ್ಪಾಳೆ ಕೊಟ್ಟ ತೀರ್ಪು

2024ರ ಜನವರಿ 27ರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ವಯಸ್ಸನ್ನೂ ಮೇಷ್ಟ್ರ ಗಾಂಭೀರ್ಯವನ್ನೂ ಮರೆತು ಚಪ್ಪಾಳೆ ತಟ್ಟಿದೆ. ಮೆಲ್ಬರ್ನ್ ನಗರದಲ್ಲಿ ಕೊಡಗಿನ ರೋಹನ್ ಬೋಪಣ್ಣನವರು ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್ ಅವರೊಡಗೂಡಿ ಇಟಲಿಯ ಜೋಡಿಯನ್ನು 7-6, 7-5ರಿಂದ ಸೋಲಿಸಿದ್ದರು. ಬೋಪಣ್ಣನವರಿಗೆ ಆಗ 43 ವರ್ಷ. ಅಮೆರಿಕದ ಪಂದ್ಯಾವಳಿಯಲ್ಲಿ 2010ರಲ್ಲೊಮ್ಮೆ, 2023ರಲ್ಲೊಮ್ಮೆ ಅಂತಿಮ ಘಟ್ಟದವರೆಗೂ ಹೋಗಿ ಬರಿಗೈಯಲ್ಲಿ ಮರಳಿದ್ದವರಿಗೆ ಪುರುಷರ ಜೋಡಿಯಾಟದ ದೊಡ್ಡ ಕಿರೀಟ ದೊರೆತದ್ದು ಅದೇ ಮೊದಲು.

ನನ್ನ ಸದ್ದು ಕೇಳಿ ನೆರೆಮನೆಯ ಹಿರಿಯರೊಬ್ಬರು ಒಳಗೆ ಬಂದರು. ವಿಷಯ ತಿಳಿದು ಅವರು ಕೇಳಿದ ಮೊದಲ ಮಾತು ಇದು: “ಗೆದ್ದದ್ದು ಸರಿ ಮೇಷ್ಟ್ರೇ, ಕೈಗೆ ಎಷ್ಟು ಸಿಕ್ಕಿತಂತೆ?”

ನನಗೆ ಮುಖ ಗಂಟಿಕ್ಕಿತು. ಇಂಥ ಹೊತ್ತಿನಲ್ಲಿ ಹಣದ ಮಾತೇ ಎನ್ನಿಸಿತು. ಆದರೆ ರಾತ್ರಿ ಮಲಗಿದಾಗ ನನ್ನ ಸಿಟ್ಟೇ ನನ್ನನ್ನು ಪ್ರಶ್ನಿಸತೊಡಗಿತು. ಪಂಪ ರನ್ನರನ್ನು ಪಾಠ ಹೇಳಿ ಸಂಬಳ ಎಣಿಸಿಕೊಳ್ಳುವವನು ನಾನು. ಗಮಕಿಗಳು ಸಂಭಾವನೆ ಪಡೆದರೆಂದು ಅವರ ವಾಚನದ ರಸ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಹೀಗಿರುವಾಗ ಆಟಗಾರನ ಹಣ ಮಾತ್ರ ಏಕೆ ಮೈಲಿಗೆಯಾಗಬೇಕು? ಈ ಸಂಕೋಚ ನನ್ನೊಬ್ಬನದಲ್ಲ. ಟೆನ್ನಿಸ್ ಆಟದ ಯಜಮಾನರು ಅದನ್ನೇ ಶಾಸನವಾಗಿಸಿ ಹಲವು ದಶಕ ಆಳಿದರು. ಆ ಶಾಸನ ಹೇಗೆ ಮುರಿಯಿತೆಂಬುದು ಕೇಳತಕ್ಕ ಕಥೆ.

ನಮ್ಮ ನಾಟಕಪ್ರಿಯರಿಗೆ ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂಬ ಎರಡು ಮಾತುಗಳು ಪರಿಚಿತವಷ್ಟೆ. ಟೆನ್ನಿಸ್ಸಿನಲ್ಲಿಯೂ ಈ ಎರಡು ಪಂಗಡಗಳಿದ್ದವು. ಭೇದವೇನೆಂದರೆ, ಅಲ್ಲಿ ವೃತ್ತಿಯವನು ಹವ್ಯಾಸಿಗಳ ಅಂಗಳವನ್ನು ಮೆಟ್ಟುವಂತಿರಲಿಲ್ಲ. ವಿಂಬಲ್ಡನ್ನಿನ ಪಂದ್ಯಾವಳಿ 1877ರಲ್ಲಿ ಮೊದಲಾಯಿತು. ಅಂದಿನಿಂದ ಅದು ಹವ್ಯಾಸಿಗಳ ಸೊತ್ತು. ಆಟಕ್ಕೆ ಬಹಿರಂಗವಾಗಿ ಹಣ ಪಡೆದವನಿಗೆ ಅಲ್ಲಿಯೂ ಪ್ರವೇಶವಿಲ್ಲ, ಡೇವಿಸ್ ಕಪ್ಪಿನಲ್ಲಿ ತನ್ನ ದೇಶಕ್ಕಾಗಿ ಆಡುವ ಭಾಗ್ಯವೂ ಇಲ್ಲ. ಬಹಿರಂಗವಾಗಿ ಎಂಬ ಮಾತನ್ನು ಗಮನಿಸಬೇಕು. ಹೆಸರಾಂತ ಹವ್ಯಾಸಿಗಳಿಗೆ ಪ್ರಯಾಣದ ವೆಚ್ಚವೆಂಬ ನೆಪದಲ್ಲಿ ಮೇಜಿನ ಕೆಳಗಿನಿಂದ ಹಣ ಸಂದಾಯವಾಗುತ್ತಿದ್ದುದು ಎಲ್ಲರೂ ಬಲ್ಲ ಗುಟ್ಟು. ಆಲ್ ಇಂಗ್ಲೆಂಡ್ ಕ್ಲಬ್ಬಿನ ಅಧ್ಯಕ್ಷ ಹರ್ಮನ್ ಡೇವಿಡ್ ಅವರೇ ಈ ವ್ಯವಸ್ಥೆಯನ್ನು ಜೀವಂತ ಸುಳ್ಳು ಎಂದು ಕರೆದರು.

ಇತ್ತ ವೃತ್ತಿಪರರ ಪಾಡು ನಮ್ಮ ನಾಟಕದ ಕಂಪನಿಗಳ ಪಾಡಿನಂತೆಯೇ ಇತ್ತು. ಇಂದು ಈ ಊರು, ನಾಳೆ ಇನ್ನೊಂದೂರು. ಕ್ಯಾನ್‌ವಾಸಿನ ಅಂಗಳವನ್ನು ಸುತ್ತಿ ಹೊತ್ತೊಯ್ದು, ಸಭಾಂಗಣದ ನೆಲದ ಮೇಲೋ ಹಿಮಜಾರಾಟದ ಅಂಗಳದ ಮೇಲೋ ಹಾಸಿ ಆಡಬೇಕು. ಅಮೆರಿಕದ ಜಾಕ್ ಕ್ರೇಮರ್ ಇಂಥ ತಂಡದ ಯಜಮಾನರಾಗಿದ್ದರು. ಪ್ರತಿವರ್ಷ ಯಾವ ಹವ್ಯಾಸಿ ಹೆಸರು ಮಾಡುತ್ತಾನೋ ಅವನನ್ನು ಒಪ್ಪಂದಕ್ಕೆ ಕರೆಯುವರು. 1960 ಮತ್ತು 1961ರಲ್ಲಿ ವಿಂಬಲ್ಡನ್ನಿನ ಉಪಾಂತ್ಯ ಘಟ್ಟ ತಲುಪಿದ ನಮ್ಮ ರಾಮನಾಥನ್ ಕೃಷ್ಣನ್ ಅವರಿಗೂ ಈ ಕರೆ ಬಂದಿತ್ತು. ಅವರು ಒಪ್ಪಲಿಲ್ಲ. ಹವ್ಯಾಸಿಯಾಗಿಯೇ ಉಳಿದು, 1966ರಲ್ಲಿ ಭಾರತವನ್ನು ಡೇವಿಸ್ ಕಪ್ಪಿನ ಕೊನೆಯ ಸುತ್ತಿಗೆ ಕೊಂಡೊಯ್ದರು. ಒಪ್ಪಿದ್ದರೆ ದೇಶಕ್ಕೆ ಆ ಹಿರಿಮೆ ತಪ್ಪುತ್ತಿತ್ತು. ಹೊಟ್ಟೆಪಾಡು ಬೇಕೋ, ದೇಶದ ಬಾವುಟ ಬೇಕೋ ಎಂದು ಆಟಗಾರನನ್ನು ಕೇಳುವ ವ್ಯವಸ್ಥೆ ಅದು.

ಗೋಡೆಯನ್ನು ಕೆಡವಲು ಪ್ರಯತ್ನ ನಡೆಯಲಿಲ್ಲವೆಂದಲ್ಲ. ಇಬ್ಬರಿಗೂ ಮುಕ್ತವಾದ ಪಂದ್ಯಾವಳಿಗಳಿರಲಿ ಎಂಬ ಸೂಚನೆ 1960ರಲ್ಲಿ ಅಂತರರಾಷ್ಟ್ರೀಯ ಸಂಘದ ಮುಂದೆ ಬಂತು. ಅಂಗೀಕಾರಕ್ಕೆ ಮೂರನೆಯ ಎರಡು ಪಾಲು ಮತ ಬೇಕಿತ್ತು. ಐದು ಮತಗಳ ಕೊರತೆಯಿಂದ ಬಿದ್ದುಹೋಯಿತು. ಆ ಐದು ಮತಗಳ ಬೆಲೆಯಾಗಿ ಇನ್ನೂ ಎಂಟು ವರ್ಷ ಕಳೆದವು. 1962ರಲ್ಲಿ ನಾಲ್ಕು ಮಹಾ ಪಂದ್ಯಾವಳಿಗಳನ್ನೂ ಒಂದೇ ವರ್ಷದಲ್ಲಿ ಗೆದ್ದ ಆಸ್ಟ್ರೇಲಿಯದ ರಾಡ್ ಲೇವರ್ ಅದರ ಮರುವರ್ಷ ವೃತ್ತಿಪರರಾದರು. ಅಂದಿನಿಂದ ವಿಂಬಲ್ಡನ್ನಿನ ಬಾಗಿಲು ಅವರಿಗೂ ಮುಚ್ಚಿತು.

ಆ ಬಾಗಿಲನ್ನು ತಟ್ಟಿದ್ದು ಒಂದು ಪ್ರಸಾರ ಸಂಸ್ಥೆ ಎಂಬುದು ಬಾನುಲಿಯ ಕೇಳುಗರಾದ ನಮಗೆ ಸಂತೋಷ ತರಬೇಕಾದ ಸಂಗತಿ. ವಿಂಬಲ್ಡನ್ನಿನ ಆಟದ ವೀಕ್ಷಕ ವಿವರಣೆಯನ್ನು 1927ರಷ್ಟು ಹಿಂದೆಯೇ ಬಿ.ಬಿ.ಸಿ. ಬಾನುಲಿಯಲ್ಲಿ ಬಿತ್ತರಿಸಿತ್ತು. 1967ರ ಜುಲೈ 1ರಂದು ಅದು ಬಣ್ಣದ ದೂರದರ್ಶನವನ್ನು ಆರಂಭಿಸಿದ್ದೂ ಇದೇ ಅಂಗಳದಿಂದ. ಆ ಹೊಸತನದ ನೆನಪಿಗಾಗಿ, ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ಎಂಟು ಮಂದಿ ವೃತ್ತಿಪರರ ಪಂದ್ಯಾವಳಿಯೊಂದನ್ನು ವಿಂಬಲ್ಡನ್ನಿನ ಸೆಂಟರ್ ಕೋರ್ಟಿನಲ್ಲಿಯೇ ನಡೆಸಲು ಏರ್ಪಾಡಾಯಿತು. ಬಹುಮಾನದ ಒಟ್ಟು ಮೊತ್ತ 45,000 ಡಾಲರ್. ಗೆದ್ದವನಿಗೆ 3,000 ಪೌಂಡ್. ಕ್ಲಬ್ಬಿನವರಿಗೆ ಇದೊಂದು ಪರೀಕ್ಷೆ. ವರ್ಷಗಟ್ಟಲೆ ಕಣ್ಮರೆಯಾಗಿದ್ದ ಈ ಆಟಗಾರರನ್ನು ನೋಡಲು ಜನ ಬರುವರೇ?

ಜನ ಬಂದರು, ಸೆಂಟರ್ ಕೋರ್ಟ್ ತುಂಬಿತು. ಅಲ್ಲಿ ಕುಳಿತ ಒಬ್ಬ ಹಳೆಯ ಅಭಿಮಾನಿಯನ್ನು ಊಹಿಸಿಕೊಳ್ಳಿ. ಪಾಂಚೋ ಗೊಂಜಾಲೆಸ್ ಅವರನ್ನು ಅವನು ಈ ಅಂಗಳದಲ್ಲಿ ಕಂಡದ್ದು 1949ರಲ್ಲಿ. ಆಗ 21ರ ತರುಣ, ಈಗ 39ರ ಪ್ರೌಢ. ನಡುವಣ 18 ವರ್ಷಗಳ ಆಟವನ್ನು ಯಾರೋ ಬೀಗ ಹಾಕಿ ಇಟ್ಟುಬಿಟ್ಟಿದ್ದರು. 1956ರ ಅಂತಿಮ ಪಂದ್ಯದಲ್ಲಿ ಲ್ಯೂ ಹೋಡ್ ಕೆನ್ ರೋಸ್‌ವಾಲ್ ಅವರನ್ನು ಸೋಲಿಸಿದ್ದರು. ಹನ್ನೊಂದು ವರ್ಷಗಳ ಬಳಿಕ ಅವರಿಬ್ಬರೂ ಅಲ್ಲಿಯೇ ಮತ್ತೆ ಎದುರಾದರು. ಈ ಸಲ ಗೆದ್ದವರು ರೋಸ್‌ವಾಲ್. ಅಭಿಮಾನಿಗೆ ಸಂತೋಷದ ಜೊತೆಗೇ ಒಂದು ನೋವೂ ಆಗಿರಬೇಕು. ಇಷ್ಟು ದಿನ ನನ್ನಿಂದ ಎಷ್ಟನ್ನು ಮುಚ್ಚಿಟ್ಟಿದ್ದರು ಎಂಬ ನೋವು.

ಅಂತಿಮ ಪಂದ್ಯ ಆಗಸ್ಟ್ 28ರ ಸೋಮವಾರ. ಲೇವರ್ ಅವರಿಗೆ 29, ರೋಸ್‌ವಾಲ್ ಅವರಿಗೆ 32. ಇಬ್ಬರೂ ಆಸ್ಟ್ರೇಲಿಯದವರು, ಇಬ್ಬರೂ ಎತ್ತರದಲ್ಲಿ ಗಿಡ್ಡರು. ಒಬ್ಬರದು ಎಡಗೈಯ ಬಿರುಸು, ಇನ್ನೊಬ್ಬರದು ಅಳೆದು ತೂಗಿದಂಥ ಬ್ಯಾಕ್‌ಹ್ಯಾಂಡ್. ಮೊದಲ ಎರಡು ಸೆಟ್ಟುಗಳನ್ನು ಲೇವರ್ 6-2, 6-2ರಿಂದ ಗೆದ್ದರು. ಆಟ ಮುಗಿಯಿತೆಂದು ಎದ್ದು ಹೊರಡುವವರು ಹೊರಡಬಹುದಿತ್ತು. ಆದರೆ ರೋಸ್‌ವಾಲ್ ಮೂರನೆಯ ಸೆಟ್ಟಿನಲ್ಲಿ ಪಟ್ಟು ಬಿಡಲಿಲ್ಲ. ಸಮಬಲವಾದಾಗ ಸೆಟ್ಟನ್ನು ಬೇಗ ಮುಗಿಸುವ ಇಂದಿನ ಟೈಬ್ರೇಕ್ ಪದ್ಧತಿ ಆಗ ಇರಲಿಲ್ಲ. ಒಬ್ಬನು ಎರಡು ಗೇಮುಗಳಿಂದ ಮುಂದಾಗುವ ತನಕ ಆಡಲೇಬೇಕು. ಆರಕ್ಕೆ ಮುಗಿಯಬಹುದಾಗಿದ್ದ ಸೆಟ್ಟು 12-10ರವರೆಗೆ ಬೆಳೆದು ಕೊನೆಗೆ ಲೇವರ್ ಅವರಿಗೆ ಒಲಿಯಿತು.

ಸುಮಾರು ಏಳು ವಾರಗಳ ಹಿಂದೆಯಷ್ಟೇ ಅದೇ ಹುಲ್ಲಿನ ಮೇಲೆ ಹವ್ಯಾಸಿಗಳ ಅಂತಿಮ ಪಂದ್ಯ ನಡೆದಿತ್ತು. ಜಾನ್ ನ್ಯೂಕೋಂಬ್ ಜರ್ಮನಿಯ ಬುಂಗರ್ಟ್ ಅವರನ್ನು 6-3, 6-1, 6-1ರಿಂದ ಸೋಲಿಸಿದ್ದರು. ನ್ಯೂಕೋಂಬ್ ಸಾಮಾನ್ಯರಲ್ಲ. ಆದರೂ ಎರಡೂ ಪಂದ್ಯಗಳನ್ನು ನೋಡಿದವನು ಮನಸ್ಸಿನಲ್ಲಿ ತೂಗದೆ ಇರಲಾರ. ವಿಂಬಲ್ಡನ್ನಿನ ಚಾಂಪಿಯನ್ ಎಂಬಾತ ಜಗತ್ತಿನ ಶ್ರೇಷ್ಠ ಆಟಗಾರನೇ ಎಂಬ ಪ್ರಶ್ನೆ ಅಂದು ಆ ಚಪ್ಪಾಳೆಯೊಳಗೆ ಅಡಗಿತ್ತು. ಹಣ ಪಡೆದವನು ಆಟವನ್ನು ಕೆಡಿಸುತ್ತಾನೆಂಬ ವಾದಕ್ಕೆ ಆ ಮೂರನೆಯ ಸೆಟ್ಟೇ ಉತ್ತರ. ಗಳಿಕೆಗಾಗಿ ಮಾತ್ರ ಆಡುವವನು ಎರಡು ಸೆಟ್ಟು ಸೋತ ಮೇಲೆ ಇಪ್ಪತ್ತೆರಡು ಗೇಮುಗಳ ವರೆಗೆ ಹೋರಾಡುವುದಿಲ್ಲ.

ಮುಂದಿನದು ಬೇಗ ಬೇಗ ನಡೆಯಿತು. ಅದೇ ಡಿಸೆಂಬರ್ 14ರಂದು ಬ್ರಿಟನ್ನಿನ ಟೆನ್ನಿಸ್ ಸಂಘ ಹವ್ಯಾಸಿ-ವೃತ್ತಿಪರ ಭೇದವನ್ನು ಅಳಿಸಿಹಾಕಲು ನಿಶ್ಚಯಿಸಿತು. ಪರವಾಗಿ 295 ಮತ, ವಿರುದ್ಧ ಐದು. ಏಳು ವರ್ಷಗಳ ಹಿಂದೆ ಕೊರತೆಬಿದ್ದ ಐದು ಮತಗಳೆಲ್ಲಿ, ಈಗ ಒಂಟಿಯಾಗಿ ಉಳಿದ ಐದು ಮತಗಳೆಲ್ಲಿ! 1968ರ ಮಾರ್ಚ್ 30ರಂದು ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಘವೂ ಮಣಿದು, ಆ ವರ್ಷ 12 ಮುಕ್ತ ಪಂದ್ಯಾವಳಿಗಳಿಗೆ ಒಪ್ಪಿಗೆಯಿತ್ತಿತು. ಏಪ್ರಿಲ್ ತಿಂಗಳಲ್ಲಿ ಬೋರ್ನ್‌ಮತ್ ಊರಿನಲ್ಲಿ ನಡೆದ ಮೊದಲ ಮುಕ್ತ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ರೋಸ್‌ವಾಲ್ ಲೇವರ್ ಅವರನ್ನು ಸೋಲಿಸಿ ಹಳೆಯ ಲೆಕ್ಕ ತೀರಿಸಿದರು. ಆ ಬೇಸಿಗೆಯ ವಿಂಬಲ್ಡನ್ ಲೇವರ್ ಅವರದಾಯಿತು. ಬಹುಮಾನ 2,000 ಪೌಂಡ್, ಎಲ್ಲರ ಕಣ್ಣೆದುರಿಗೆ. ಮಹಿಳೆಯರ ವಿಭಾಗದಲ್ಲಿ ಗೆದ್ದ ಬಿಲ್ಲಿ ಜೀನ್ ಕಿಂಗ್ ಅವರಿಗೆ ಸಂದದ್ದು 750 ಪೌಂಡ್ ಮಾತ್ರ. ಆ ಇನ್ನೊಂದು ಗೋಡೆ ವಿಂಬಲ್ಡನ್ನಿನಲ್ಲಿ ಕುಸಿಯಲು 2007ನೆಯ ಇಸವಿ ಬರಬೇಕಾಯಿತು.

ನ್ಯಾಯ ತಡವಾಗಿ ಬಂದರೆ ಎಲ್ಲರಿಗೂ ದಕ್ಕುವುದಿಲ್ಲ. ಗೊಂಜಾಲೆಸ್ ಅವರ ಯೌವನ ಮರಳಿ ಬರಲಿಲ್ಲ. ರೋಸ್‌ವಾಲ್ 1954ರಲ್ಲಿ, 1956ರಲ್ಲಿ, ಮುಂದೆ 1970ರಲ್ಲಿ, 39ನೆಯ ವಯಸ್ಸಿನಲ್ಲಿ 1974ರಲ್ಲಿಯೂ ವಿಂಬಲ್ಡನ್ನಿನ ಅಂತಿಮ ಪಂದ್ಯ ಆಡಿದರು, ಒಮ್ಮೆಯೂ ಗೆಲ್ಲಲಿಲ್ಲ. ನಡುವೆ ಅವರಿಗೆ ಪ್ರವೇಶವೇ ಇಲ್ಲದಿದ್ದ ಹನ್ನೊಂದು ಬೇಸಿಗೆಗಳಲ್ಲಿ ಏನಾಗುತ್ತಿತ್ತೋ ಹೇಳುವವರಾರು?

ಬೋಪಣ್ಣನವರು 43ನೆಯ ವಯಸ್ಸಿನವರೆಗೂ ಆಡಿ ಗೆಲ್ಲಲು ಸಾಧ್ಯವಾದದ್ದು, ಆಟವೇ ಅವರಿಗೆ ಅನ್ನವನ್ನೂ ಕೊಟ್ಟದ್ದರಿಂದ. ಅನ್ನ ಪಡೆದುದಕ್ಕಾಗಿ ಅವರು ಡೇವಿಸ್ ಕಪ್ಪಿನಲ್ಲಿ ಭಾರತದ ಪರವಾಗಿ ಆಡುವ ಹಕ್ಕನ್ನು ಕಳೆದುಕೊಳ್ಳಬೇಕಾಗಲಿಲ್ಲ.

ಮರುದಿನ ಬೆಳಗ್ಗೆ ಬೇಲಿಯ ಬಳಿ ನೆರೆಮನೆಯ ಹಿರಿಯರು ಸಿಕ್ಕಿದರು. ಮೊತ್ತ ಎಷ್ಟೆಂದು ನನಗೆ ತಿಳಿದಿರಲಿಲ್ಲ. ಎಷ್ಟೇ ಆಗಲಿ, ಅದು ಅವರು ದುಡಿದು ಗಳಿಸಿದ್ದು ಎಂದೆ. “ನಾನೂ ಅದನ್ನೇ ಹೇಳುತ್ತಿದ್ದೆ ಮೇಷ್ಟ್ರೇ,” ಎಂದರು ಅವರು. “ನಿನ್ನೆ ನೀವು ಯಾಕೋ ಮುಖ ತಿರುಗಿಸಿಬಿಟ್ಟಿರಿ.”